ಬಿಟ್ಟಿಯಿಂದ ಕಾಯಕದೆಡೆಗೆ: ನಮ್ಮ ಮಕ್ಕಳ ಕೈಯಲ್ಲಿ ಯಂತ್ರಮಾನವ

ಕಾಯಕ ತತ್ತ್ವವನ್ನು ಲೋಕಕ್ಕೆ ಸಾರಿದ ಪುಣ್ಯಭೂಮಿ ನಮ್ಮ ಬೀದರ್ ಜಿಲ್ಲೆ. 12ನೆಯ ಶತಮಾನದಲ್ಲಿ ಕಲ್ಯಾಣದ ಅನುಭವ ಮಂಟಪದಲ್ಲಿ ಹಗ್ಗ ಹೊಸೆಯುವ ನುಲಿಯ ಚಂದಯ್ಯನವರು, ದೋಣಿ ನಡೆಸುವ ಅಂಬಿಗರ ಚೌಡಯ್ಯನವರು, ಬಟ್ಟೆ ಮಡಿ ಮಾಡುವ ಮಡಿವಾಳ ಮಾಚಿದೇವರು, ರಾಟೆ ತಿರುಗಿಸುವ ಕದಿರ ರೆಮ್ಮವ್ವೆಯವರು ಅಲ್ಲಮಪ್ರಭುದೇವರ ಸಮ್ಮುಖದಲ್ಲಿ ಸಮಾನರಾಗಿ ಕುಳಿತು ಪ್ರಶ್ನಿಸಿದರು, ಉತ್ತರಿಸಿದರು. ಕೈಯಿಂದ ದುಡಿಯುವವನಿಗೆ ಚಿಂತಿಸುವ ಹಕ್ಕಿಲ್ಲವೆಂದೂ, ಚಿಂತಿಸುವವನು ಕೈಯಿಂದ ದುಡಿಯಬೇಕಾಗಿಲ್ಲವೆಂದೂ ನಂಬಿದ್ದ ಸಮಾಜದಲ್ಲಿ ಕೈಗೂ ಬುದ್ಧಿಗೂ ನಂಟು ಬೆಳೆಸಿದ ಕೀರ್ತಿ ಶರಣರಿಗೆ ಸಲ್ಲುತ್ತದೆ.

ಈ ಮಾತನ್ನು ಇಲ್ಲಿ ನೆನೆಯಲು ಕಾರಣವಿದೆ. ಇಂದು ನಮ್ಮ ಮಕ್ಕಳ ಶಾಲೆಗಳ ಬಾಗಿಲಿಗೆ ಒಂದು ಹೊಸ ವಿದ್ಯೆ ಬಂದು ನಿಂತಿದೆ. ಅದೇ ರೋಬೋಟ್ ವಿದ್ಯೆ, ಅಂದರೆ ಯಂತ್ರಮಾನವನನ್ನು ಜೋಡಿಸಿ ಅದಕ್ಕೆ ಆಜ್ಞೆಗಳನ್ನು ಬರೆದುಕೊಡುವ ವಿದ್ಯೆ. ಇದು ಬೆಂಗಳೂರು, ಹೈದರಾಬಾದುಗಳ ಶ್ರೀಮಂತ ಮಕ್ಕಳ ಆಟವೆಂದು ಅನೇಕ ಪಾಲಕರು ತಿಳಿದಿದ್ದಾರೆ. ಕೆಲವರು ಇದನ್ನು ಮೊಬೈಲ್ ಗೀಳಿನ ಇನ್ನೊಂದು ರೂಪವೆಂದು ಭಾವಿಸಿದ್ದಾರೆ. ಇನ್ನು ಕೆಲವರಿಗೆ ಯಂತ್ರವು ಮನುಷ್ಯನ ಅನ್ನವನ್ನು ಕಸಿಯುವುದೆಂಬ ಭಯವಿದೆ. ಈ ಮೂರನ್ನೂ ಪರಾಮರ್ಶಿಸಿ, ಬೀದರ್, ಭಾಲ್ಕಿ, ಔರಾದ ಭಾಗದ ಕುಟುಂಬಗಳು ಈ ವಿದ್ಯೆಯನ್ನು ಹೇಗೆ ಬರಮಾಡಿಕೊಳ್ಳಬಹುದೆಂಬುದನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶವಾಗಿದೆ.

ಹೆಸರಿನ ಹಿಂದಿನ ಕಥೆ

‘ರೋಬೋಟ್’ ಎಂಬ ಶಬ್ದ ಹುಟ್ಟಿದ್ದು ವಿಜ್ಞಾನಿಯ ಪ್ರಯೋಗಾಲಯದಲ್ಲಿ ಅಲ್ಲ, ನಾಟಕದಲ್ಲಿ. ಚೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ ನಾಟಕವೊಂದರಲ್ಲಿ ಕಾರ್ಖಾನೆಯಲ್ಲಿ ತಯಾರಾದ ಕೃತಕ ಆಳುಗಳಿಗೆ ಈ ಹೆಸರನ್ನಿಟ್ಟನು. ಆ ಶಬ್ದವನ್ನು ಸೂಚಿಸಿದವನು ಆತನ ಸೋದರ ಯೋಸೆಫ್. ಚೆಕ್ ಭಾಷೆಯಲ್ಲಿ ‘ರೊಬೋಟ’ ಎಂದರೆ ಒಡೆಯನಿಗಾಗಿ ಬಲವಂತದಿಂದ ಮಾಡುವ ದುಡಿತ. ನಮ್ಮ ಭಾಗದ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಿಜಾಮನ ಆಡಳಿತದಲ್ಲಿ ಬಡವರು ಮಾಡಿದ ಬಿಟ್ಟಿ ಬೇಗಾರಿಯೇ ಅದು.

ಬಿಟ್ಟಿ ಮತ್ತು ಕಾಯಕ ಎರಡರಲ್ಲಿಯೂ ಮೈ ದಣಿಯುತ್ತದೆ, ಬೆವರು ಹರಿಯುತ್ತದೆ. ಆದರೆ ಬಿಟ್ಟಿಯಲ್ಲಿ ದುಡಿಯುವವನ ಮನಸ್ಸು ದುಡಿತದಲ್ಲಿ ಇರುವುದಿಲ್ಲ. ಕಾಯಕದಲ್ಲಿ ಮನಸ್ಸೂ ಇರುತ್ತದೆ, ಹೊಣೆಯೂ ಇರುತ್ತದೆ, ಬಂದುದರಲ್ಲಿ ಹಂಚಿಕೊಳ್ಳುವ ದಾಸೋಹವೂ ಇರುತ್ತದೆ. ಯಂತ್ರಕ್ಕೆ ಬಿಟ್ಟಿ ಮಾತ್ರ ಸಾಧ್ಯ, ಕಾಯಕ ಸಾಧ್ಯವಿಲ್ಲ. ಆದುದರಿಂದ ಯಂತ್ರವನ್ನು ಕಟ್ಟುವ ಮಗುವಿನ ಪಾಲಿಗೆ ಆ ಕೆಲಸ ಬಿಟ್ಟಿಯಾಗಬೇಕೋ ಕಾಯಕವಾಗಬೇಕೋ ಎಂಬುದೇ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ. ಯಾರೋ ಕೊಟ್ಟ ಚಿತ್ರವನ್ನು ನೋಡಿ ತಂತಿ ಸಿಕ್ಕಿಸಿ, ಯಾರೋ ಬರೆದ ಆಜ್ಞೆಗಳನ್ನು ನಕಲು ಮಾಡಿ, ಪ್ರದರ್ಶನದ ದಿನ ಬಹುಮಾನ ಪಡೆದು ಬರುವ ಮಗು ಬಿಟ್ಟಿಯನ್ನೇ ಮಾಡಿರುತ್ತದೆ. ಕೆಟ್ಟುದನ್ನು ತಾನೇ ಕಂಡುಹಿಡಿದು ಸರಿಪಡಿಸಿದ ಮಗುವಿನದು ಕಾಯಕ.

ಆಮೆಯಿಂದ ಆರಂಭವಾದ ಪಾಠ

ಮಕ್ಕಳಿಗೆ ಯಂತ್ರದ ಮೂಲಕ ಚಿಂತನೆಯನ್ನು ಕಲಿಸುವ ಪ್ರಯತ್ನ ಇಂದು ನಿನ್ನೆಯದಲ್ಲ. 1967ರಲ್ಲಿ ಅಮೆರಿಕದಲ್ಲಿ ಸೀಮೋರ್ ಪೇಪರ್ಟ್, ಸಿಂಥಿಯಾ ಸಾಲೊಮನ್, ವಾಲಿ ಫೋರ್ಜೈಗ್ ಮುಂತಾದವರು ‘ಲೋಗೋ’ ಎಂಬ ಗಣಕ ಭಾಷೆಯನ್ನು ಮಕ್ಕಳಿಗಾಗಿಯೇ ರಚಿಸಿದರು. ಅನಂತರ ಅದರೊಡನೆ ನೆಲದ ಮೇಲೆ ಚಲಿಸುವ ‘ಆಮೆ’ ಎಂಬ ಪುಟ್ಟ ಯಂತ್ರವೂ ಬಂದಿತು. ‘ಮುಂದೆ ಹೋಗು, ಬಲಕ್ಕೆ ತಿರುಗು’ ಎಂಬ ಆಜ್ಞೆಗಳನ್ನು ಕೊಟ್ಟು ಮಕ್ಕಳು ಅದರಿಂದ ಚೌಕ, ತ್ರಿಕೋನಗಳನ್ನು ಬರೆಯಿಸುತ್ತಿದ್ದರು. ಆಮೆ ತಪ್ಪಾಗಿ ತಿರುಗಿದರೆ ಮಗು ತಾನೇ ಎದ್ದು ನಿಂತು ಆಮೆಯಂತೆ ನಡೆದು ನೋಡಿ ತಪ್ಪನ್ನು ತಿಳಿಯುತ್ತಿತ್ತು. ಮಗುವಿಗೆ ಯಂತ್ರವು ಪಾಠ ಹೇಳುವುದರ ಬದಲು ಮಗುವೇ ಯಂತ್ರಕ್ಕೆ ಪಾಠ ಹೇಳಬೇಕು ಎಂಬುದು ಪೇಪರ್ಟ್ ಅವರ ನಿಲುವಾಗಿತ್ತು.

ಮುಂದೆ 2005ರಲ್ಲಿ ಇಟಲಿಯ ಇವ್ರೆಯಾ ಎಂಬ ಪಟ್ಟಣದಲ್ಲಿ ‘ಆರ್ಡುಯಿನೊ’ ಎಂಬ ಅಗ್ಗದ ನಿಯಂತ್ರಕ ಫಲಕ ರೂಪುಗೊಂಡಿತು. ಅದರ ನಕ್ಷೆಯನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟುದರಿಂದ ಬೇರೆ ಬೇರೆ ದೇಶಗಳಲ್ಲಿ ಅದೇ ಮಾದರಿಯ ಫಲಕಗಳು ತಯಾರಾದವು, ಬೆಲೆ ಕೆಲವು ನೂರು ರೂಪಾಯಿಗಳಿಗೆ ಇಳಿಯಿತು. ಜ್ಞಾನವನ್ನು ಮುಚ್ಚಿಡದೆ ಹಂಚಿದ ಈ ನಡೆಯನ್ನು ವಿದ್ಯೆಯ ದಾಸೋಹವೆಂದೇ ಕರೆಯಬಹುದು. 2007ರಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯಿಂದ ‘ಸ್ಕ್ರ್ಯಾಚ್’ ಬಂದಿತು. ಇದರಲ್ಲಿ ಆಜ್ಞೆಗಳನ್ನು ಅಕ್ಷರ ಅಕ್ಷರವಾಗಿ ಬೆರಳಚ್ಚಿಸದೆ, ಬಣ್ಣದ ತುಂಡುಗಳಂತೆ ಒಂದರ ಕೆಳಗೊಂದು ಜೋಡಿಸಬಹುದು. ಇದು ಉಚಿತವಾಗಿ ದೊರೆಯುತ್ತದೆ. 2016ರಲ್ಲಿ ಬ್ರಿಟನ್ನಿನಲ್ಲಿ ಬಿ.ಬಿ.ಸಿ. ಸಂಸ್ಥೆಯು ‘ಮೈಕ್ರೊಬಿಟ್’ ಎಂಬ ಅಂಗೈಗಿಂತ ಚಿಕ್ಕದಾದ ಫಲಕವನ್ನು ಸುಮಾರು 10 ಲಕ್ಷ ಶಾಲಾ ಮಕ್ಕಳಿಗೆ ಉಚಿತವಾಗಿ ಹಂಚುವ ಕಾರ್ಯವನ್ನು ಕೈಗೊಂಡಿತು.

ನಮ್ಮ ದೇಶದಲ್ಲಿಯೂ 2016ರಲ್ಲಿ ನೀತಿ ಆಯೋಗದ ಆಶ್ರಯದಲ್ಲಿ ‘ಅಟಲ್ ನಾವೀನ್ಯ ಅಭಿಯಾನ’ ಆರಂಭಗೊಂಡು, 6ರಿಂದ 12ನೆಯ ತರಗತಿಯ ಮಕ್ಕಳಿಗಾಗಿ ಶಾಲೆಗಳಲ್ಲಿ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳು ತೆರೆದವು. ಪ್ರತಿ ಶಾಲೆಗೆ 20 ಲಕ್ಷ ರೂಪಾಯಿಗಳವರೆಗೆ ಅನುದಾನ ನೀಡುವ ಈ ಯೋಜನೆಯಡಿ ದೇಶದಾದ್ಯಂತ 10,000 ಪ್ರಯೋಗಾಲಯಗಳು ಸ್ಥಾಪನೆಯಾಗಿವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮಾಧ್ಯಮಿಕ ಹಂತದಿಂದಲೇ ಗಣಕ ಆಜ್ಞೆ ಬರೆಯುವ ಚಟುವಟಿಕೆಗಳು ಇರಬೇಕೆಂದು ಹೇಳಿತು. ಸರಕಾರಿ ಶಾಲೆಗಳಲ್ಲಿ ಐದು ವರ್ಷಗಳಲ್ಲಿ ಇನ್ನೂ 50,000 ಪ್ರಯೋಗಾಲಯಗಳನ್ನು ತೆರೆಯಲಾಗುವುದೆಂದು 2025ರ ಕೇಂದ್ರ ಮುಂಗಡ ಪತ್ರದಲ್ಲಿ ಘೋಷಿಸಲಾಗಿದೆ. ಅಂದಮೇಲೆ ಸಾಮಗ್ರಿಯ ಕೊರತೆ ದಿನೇ ದಿನೇ ಕಡಿಮೆಯಾಗುತ್ತಿದೆ. ಕೊರತೆ ಇರುವುದು ಬೇರೆಡೆಯಲ್ಲಿ.

ಬೀಗದ ಕೈ ಯಾರ ಬಳಿ?

ಇಲ್ಲಿ ನನ್ನದೇ ಒಂದು ತಪ್ಪನ್ನು ಓದುಗರ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ನಾನು ಔರಾದ ಭಾಗದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕನಾಗಿ ದುಡಿದು ನಿವೃತ್ತನಾದವನು. ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ದಾನಿಗಳೊಬ್ಬರು ನಮ್ಮ ಶಾಲೆಗೆ ಎರಡು ರೋಬೋಟ್ ಕಿಟ್ಟುಗಳನ್ನು ಕೊಟ್ಟರು. ಹಾರ ಹಾಕಿ, ಭಾವಚಿತ್ರ ತೆಗೆದು, ಅವುಗಳನ್ನು ಗಾಜಿನ ಅಲಮಾರಿನಲ್ಲಿಟ್ಟೆವು. ಬೀಗದ ಕೈ ನನ್ನ ಬಳಿಯೇ ಇತ್ತು. ಮಕ್ಕಳು ಗಾಜಿಗೆ ಮೂಗೊತ್ತಿ ನೋಡುತ್ತಿದ್ದರು. ಕೇಳಿದಾಗಲೆಲ್ಲ ‘ಕೆಟ್ಟು ಹೋದರೆ ಯಾರು ಜವಾಬ್ದಾರರು?’ ಎನ್ನುತ್ತಿದ್ದೆ. ಸತ್ಯವೇನೆಂದರೆ ಅದನ್ನು ಜೋಡಿಸುವುದು ನನಗೂ ಬರುತ್ತಿರಲಿಲ್ಲ. ಮಕ್ಕಳ ಮುಂದೆ ‘ನನಗೆ ಬಾರದು’ ಎನ್ನುವ ಧೈರ್ಯವಿರಲಿಲ್ಲ. ಎರಡು ವರ್ಷ ಕಿಟ್ಟುಗಳು ಅಲ್ಲಿಯೇ ಧೂಳು ಹಿಡಿದವು. ಆ ಎರಡು ವರ್ಷಗಳಲ್ಲಿ ಹತ್ತನೆಯ ತರಗತಿ ಮುಗಿಸಿ ಹೋದ ಮಕ್ಕಳಿಗೆ ಆ ಅವಕಾಶ ಮರಳಿ ಬಾರದು.

ಕೊನೆಗೊಂದು ಬೇಸಿಗೆಯಲ್ಲಿ, ಇಂಜಿನಿಯರಿಂಗ್ ಓದುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಊರಿಗೆ ಬಂದಾಗ ಅವನನ್ನೇ ಗುರುವೆಂದು ಕೂರಿಸಿಕೊಂಡೆ. ಮಕ್ಕಳೊಡನೆ ನಾನೂ ನೆಲದ ಮೇಲೆ ಕುಳಿತೆ. ಅನುಭವ ಮಂಟಪದಲ್ಲಿ ವಯಸ್ಸಿಗಲ್ಲ, ಅರಿವಿಗೆ ಪೀಠವಿತ್ತೆಂಬುದನ್ನು ಭಾಷಣಗಳಲ್ಲಿ ಎಷ್ಟೋ ಸಲ ಹೇಳಿದ್ದೆ. ಆಚರಣೆಗೆ ತಂದುದು ಅಂದು.

ಕಿಟ್ಟಿನೊಳಗೆ ಏನಿರುತ್ತದೆ?

ಪಾಲಕರ ತಿಳಿವಳಿಕೆಗಾಗಿ ಸಂಕ್ಷೇಪವಾಗಿ ಹೇಳುವುದಾದರೆ, ಆರಂಭಿಕರ ಕಿಟ್ಟಿನಲ್ಲಿ ಒಂದು ನಿಯಂತ್ರಕ ಫಲಕ, ಎರಡು ಚಿಕ್ಕ ಮೋಟಾರುಗಳು, ಗಾಲಿಗಳು, ಬ್ಯಾಟರಿ ಡಬ್ಬಿ, ತಂತಿಗಳು ಹಾಗೂ ಕೆಲವು ಸಂವೇದಕಗಳು ಇರುತ್ತವೆ. ಸಂವೇದಕಗಳು ಕಣ್ಣು ಕಿವಿಗಳಿದ್ದಂತೆ, ಫಲಕವು ತಲೆಯಿದ್ದಂತೆ, ಮೋಟಾರುಗಳು ಕೈಕಾಲುಗಳಿದ್ದಂತೆ. ಹೊರಗಿನದನ್ನು ಗ್ರಹಿಸುವುದು, ಬರೆದುಕೊಟ್ಟ ಆಜ್ಞೆಯಂತೆ ನಿರ್ಧರಿಸುವುದು, ಅದರಂತೆ ಚಲಿಸುವುದು, ಈ ಮೂರೂ ಸೇರಿದರೆ ರೋಬೋಟ್ ಆಯಿತು.

ಪ್ರತಿಯೊಂದು ಭಾಗವೂ ಪಠ್ಯಪುಸ್ತಕದ ಒಂದು ಪಾಠವನ್ನು ಕಣ್ಣ ಮುಂದೆ ತರುತ್ತದೆ. ಉದಾಹರಣೆಗೆ ದೂರ ಅಳೆಯುವ ಸಂವೇದಕವನ್ನು ತೆಗೆದುಕೊಳ್ಳೋಣ. ಬಾವಲಿಯಂತೆ ಇದು ಮನುಷ್ಯನ ಕಿವಿಗೆ ಕೇಳದ ಧ್ವನಿಯನ್ನು ಹೊರಡಿಸಿ ಅದರ ಪ್ರತಿಧ್ವನಿಗಾಗಿ ಕಾಯುತ್ತದೆ. ಗಾಳಿಯಲ್ಲಿ ಧ್ವನಿಯು ಸೆಕೆಂಡಿಗೆ ಸುಮಾರು 340 ಮೀಟರ್, ಅಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ 34 ಸೆಂಟಿಮೀಟರ್ ಚಲಿಸುತ್ತದೆ. ಅಂಥ 3 ಭಾಗಗಳಲ್ಲಿ ಪ್ರತಿಧ್ವನಿ ಮರಳಿದರೆ ಧ್ವನಿ ಕ್ರಮಿಸಿದ್ದು 102 ಸೆಂಟಿಮೀಟರ್. ಹೋಗಿ ಬಂದ ದಾರಿ ಅದಾದುದರಿಂದ ಅರ್ಧ ಮಾಡಿದರೆ ಗೋಡೆಯು 51 ಸೆಂಟಿಮೀಟರ್ ದೂರದಲ್ಲಿದೆ. ಎಂಟನೆಯ ತರಗತಿಯ ಮಗು ಈ ಲೆಕ್ಕವನ್ನು ಮಾಡಿ, ಅಳತೆಪಟ್ಟಿಯಿಂದ ಅಳೆದು ತಾಳೆ ನೋಡಿದಾಗ ಅದರ ಮುಖದಲ್ಲಿ ಮೂಡುವ ಸಂತೋಷವನ್ನು ಕಂಡೇ ಅರಿಯಬೇಕು.

ಇನ್ನೊಂದು ಪಾಠ ಮೋಟಾರಿನದು. ನಿಯಂತ್ರಕ ಫಲಕದ ಒಂದು ಕಡ್ಡಿಯಿಂದ ಸುರಕ್ಷಿತವಾಗಿ ಪಡೆಯಬಹುದಾದ ವಿದ್ಯುತ್ತು ಸುಮಾರು 20 ಮಿಲಿ ಆಂಪಿಯರ್ ಮಾತ್ರ. ಮೋಟಾರಿಗೆ ನೂರಾರು ಮಿಲಿ ಆಂಪಿಯರ್ ಬೇಕು. ನೇರವಾಗಿ ಜೋಡಿಸಿದರೆ ಫಲಕ ಸುಟ್ಟು ಹೋದೀತು. ಆದ್ದರಿಂದ ನಡುವೆ ‘ಮೋಟಾರ್ ಡ್ರೈವರ್’ ಎಂಬ ಭಾಗವನ್ನಿಡುತ್ತಾರೆ. ಫಲಕವು ಅಪ್ಪಣೆಯನ್ನು ಮಾತ್ರ ಕೊಡುತ್ತದೆ, ಶಕ್ತಿಯು ಬ್ಯಾಟರಿಯಿಂದ ಬರುತ್ತದೆ.

ಕ್ರಮ ತಪ್ಪಿದರೆ ಕೆಲಸ ಕೆಟ್ಟಿತು

ಆಜ್ಞೆ ಬರೆಯುವುದು ಎಂದರೇನೆಂಬುದನ್ನು ಬೀದರಿನ ಮಕ್ಕಳಿಗೆ ತಿಳಿಸಲು ವಿದೇಶದ ಉದಾಹರಣೆಗಳು ಬೇಕಾಗಿಲ್ಲ. 1472ರ ಮಹಮೂದ್ ಗವಾನ್ ಮದರಸಾ, ಇಳಿಜಾರನ್ನು ಲೆಕ್ಕ ಹಾಕಿ ನೆಲದಡಿಯಲ್ಲಿ ನೀರು ಹರಿಸಿದ ನೌಬಾದಿನ ಸುರಂಗ ಬಾವಿ ಇವೆಲ್ಲ ಲೆಕ್ಕಾಚಾರ ಬಲ್ಲ ಕೈಗಳ ಸಾಕ್ಷಿಗಳೇ. ಅವೆಲ್ಲಕ್ಕಿಂತ ಹತ್ತಿರದ ಪಾಠ ನಮ್ಮ ಬಿದರಿ ಕಲೆ. ಮೊದಲು ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಅಚ್ಚಿಗೆ ಎರೆಯುತ್ತಾರೆ. ಅರದಿಂದ ಉಜ್ಜಿ ನುಣುಪು ಮಾಡುತ್ತಾರೆ. ಗೆರೆ ಕಾಣುವಂತೆ ಮೈಲುತುತ್ತದಿಂದ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ಉಳಿಯಿಂದ ಚಿತ್ರ ಕೆತ್ತಿ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರೆ. ಮತ್ತೆ ಉಜ್ಜುತ್ತಾರೆ. ಕಟ್ಟಕಡೆಗೆ ಬಿಸಿ ಮಾಡಿ, ನವಸಾಗರ ಬೆರೆಸಿದ ಕೋಟೆಯ ಮಣ್ಣನ್ನು ಲೇಪಿಸಿದಾಗ ಮೈ ಕಡುಗಪ್ಪಾಗಿ ಬೆಳ್ಳಿ ಹೊಳೆಯುತ್ತದೆ. ಕಡೆಯ ಲೇಪನವನ್ನು ಮೊದಲೇ ಮಾಡಿದರೆ ಉಜ್ಜುವಾಗ ಬಣ್ಣವೆಲ್ಲ ಹೋಗುತ್ತದೆ. ಕಾರ್ಯಗಳು ಅವೇ ಇದ್ದರೂ ಕ್ರಮ ತಪ್ಪಿದರೆ ವಸ್ತು ಕೆಡುತ್ತದೆ.

ಗಣಕದ ಆಜ್ಞಾಸರಣಿಯೂ ಇಷ್ಟೇ. ಒಂದಾದ ಮೇಲೊಂದು ಎಂಬ ಕ್ರಮ, ‘ಹೀಗಿದ್ದರೆ ಹಾಗೆ ಮಾಡು’ ಎಂಬ ಷರತ್ತು, ‘ಇಷ್ಟು ಸಲ ಮಾಡು’ ಎಂಬ ಆವರ್ತನೆ ಇವು ಮೂರೇ ಅಡಿಗಲ್ಲುಗಳು. ರೊಟ್ಟಿ ತಟ್ಟುವ ತಾಯಿಯೂ ಇವನ್ನು ದಿನವೂ ಆಚರಿಸುತ್ತಾಳೆ. ಹಂಚು ಕಾದಿದ್ದರೆ ರೊಟ್ಟಿ ಹಾಕುತ್ತಾಳೆ, ಇಲ್ಲವಾದರೆ ಕಾಯುತ್ತಾಳೆ, ಹಿಟ್ಟು ಮುಗಿಯುವವರೆಗೆ ಮತ್ತೆ ಮತ್ತೆ ಅದನ್ನೇ ಮಾಡುತ್ತಾಳೆ. ಇದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಬೆದರುವ ಮಗು ಕನ್ನಡದಲ್ಲಿ ಹೇಳಿದಾಗ ನಗುತ್ತದೆ.

ನೆಲವೇ ಕಪ್ಪಾಗಿದ್ದಾಗ

ನಮ್ಮ ಶಾಲೆಯ ಮಕ್ಕಳು ಮೊದಲು ಕಟ್ಟಿದ್ದು ಗೆರೆಯನ್ನು ಹಿಂಬಾಲಿಸುವ ಪುಟ್ಟ ಗಾಡಿ. ಅದರ ಕೆಳಗೆ ಎಡಕ್ಕೊಂದು ಬಲಕ್ಕೊಂದು ಸಂವೇದಕಗಳಿರುತ್ತವೆ. ಇವು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ನೆಲಕ್ಕೆ ಬಿಡುತ್ತವೆ. ಬಿಳಿ ನೆಲ ಕಿರಣಗಳನ್ನು ಮರಳಿಸುತ್ತದೆ, ಕಪ್ಪು ಹೀರಿಕೊಳ್ಳುತ್ತದೆ. ಎಡಗಣ್ಣಿಗೆ ಕಪ್ಪು ಕಂಡರೆ ಎಡಕ್ಕೆ ತಿರುಗು, ಬಲಗಣ್ಣಿಗೆ ಕಂಡರೆ ಬಲಕ್ಕೆ ತಿರುಗು, ಎರಡಕ್ಕೂ ಕಂಡರೆ ನಿಲ್ಲು ಎಂದು ಆಜ್ಞೆ ಬರೆದಿದ್ದೆವು. ಬಿಳಿ ರಟ್ಟಿನ ಮೇಲೆ ಕಪ್ಪು ಪಟ್ಟಿ ಅಂಟಿಸಿದಾಗ ಗಾಡಿ ಚೆನ್ನಾಗಿಯೇ ಓಡಿತು.

ಮಾರನೆಯ ದಿನ ಪಾಲಕರಿಗೆ ತೋರಿಸಬೇಕೆಂದು ವರಾಂಡದ ಕಪ್ಪು ಕಲ್ಲಿನ ನೆಲದ ಮೇಲೆ ಸುಣ್ಣದಿಂದ ಉದ್ದನೆಯ ಬಿಳಿ ಗೆರೆ ಎಳೆದೆವು. ಗಾಡಿ ಅಲುಗಾಡಲಿಲ್ಲ. ಬ್ಯಾಟರಿ ಬದಲಾಯಿಸಿದೆವು. ತಂತಿಗಳನ್ನೆಲ್ಲ ಬಿಚ್ಚಿ ಮತ್ತೆ ಸಿಕ್ಕಿಸಿದೆವು. ಗಂಡುಹುಡುಗರು ಸುತ್ತುಗಟ್ಟಿ ಒಬ್ಬರ ಮೇಲೊಬ್ಬರು ತಪ್ಪು ಹೊರಿಸತೊಡಗಿದರು. ಪಾಲಕರು ಬರುವ ಹೊತ್ತಾಯಿತು. ನನಗೆ ಅಲಮಾರಿನ ಬೀಗ ತೆಗೆದುದೇ ತಪ್ಪಾಯಿತೇನೋ ಎನಿಸಿತು.

ಆಗ ಹಿಂದೆ ಗೋಡೆಗೆ ಒರಗಿ ನಿಂತಿದ್ದ ಏಳನೆಯ ತರಗತಿಯ ಹುಡುಗಿಯೊಬ್ಬಳು ಮೆಲ್ಲನೆ ಏನೋ ಹೇಳಿದಳು. ಅವಳು ಕೂಲಿ ಮಾಡುವವರ ಮನೆಯ ಮಗು. ಮೂರು ದಿನಗಳಿಂದಲೂ ನೋಡುತ್ತ ನಿಂತಿದ್ದಳೇ ಹೊರತು ಯಾರೂ ಅವಳ ಕೈಗೆ ಒಂದು ತಂತಿಯನ್ನೂ ಕೊಟ್ಟಿರಲಿಲ್ಲ.

‘ಏನವ್ವ, ಜೋರಾಗಿ ಹೇಳು’ ಎಂದೆ.

‘ಸರ್, ಎರಡೂ ಕಣ್ಣಿಗಿ ಕರಿದು ಕಂಡ್ರ ನಿಲ್ಲು ಅಂತ ನಾವೇ ಹೇಳೀವಿ. ಇಲ್ಲಿ ನೆಲಾನೇ ಕರಿ ಅದ. ಅದು ಕೆಟ್ಟಿಲ್ಲ ಸರ್, ನಮ್ಮ ಮಾತು ಕೇಳ್ಲಾಕತ್ತದ’ ಎಂದಳು.

ನಾವೆಲ್ಲ ಸುಮ್ಮನಾದೆವು. ಗಾಡಿ ಹೇಳಿದ ಮಾತನ್ನು ಚಾಚೂ ತಪ್ಪದೆ ಪಾಲಿಸುತ್ತಿತ್ತು. ತಪ್ಪಿದ್ದುದು ಹೇಳಿದವರಲ್ಲಿ. ಆಜ್ಞೆಯಲ್ಲಿ ಕಪ್ಪು ಇದ್ದೆಡೆ ಬಿಳಿ, ಬಿಳಿ ಇದ್ದೆಡೆ ಕಪ್ಪು ಎಂದು ಬದಲಾಯಿಸಿದೊಡನೆ ಗಾಡಿಯು ಸುಣ್ಣದ ಗೆರೆ ಹಿಡಿದು ವರಾಂಡದ ಕೊನೆಯವರೆಗೂ ಹೋಯಿತು. ಅಂದು ಪಾಲಕರ ಮುಂದೆ ಗಾಡಿ ಬಿಟ್ಟವಳು ಅವಳೇ. ಅವಳ ತಾಯಿ ಹೊಲದಿಂದ ನೇರವಾಗಿ ಬಂದವರು ಬಾಗಿಲ ಬಳಿಯೇ ನಿಂತು ನೋಡುತ್ತಿದ್ದರು.

ಆ ಮಗುವಿನ ಮಾತನ್ನು ನಾನಿಂದಿಗೂ ಮರೆತಿಲ್ಲ. ಯಂತ್ರದ ಮುಂದೆ ನೆಪ ನಡೆಯುವುದಿಲ್ಲ. ನಾವು ಮನಸ್ಸಿನಲ್ಲಿ ಅಂದುಕೊಂಡುದನ್ನು ಅದು ಮಾಡುವುದಿಲ್ಲ, ನಾವು ಹೇಳಿದುದನ್ನಷ್ಟೇ ಮಾಡುತ್ತದೆ. ಆದುದರಿಂದ ಯಂತ್ರ ನಿಂತಾಗಲೆಲ್ಲ ಮಗು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಬೇಕಾಗುತ್ತದೆ. ನುಡಿಗೂ ನಡೆಗೂ ಎಲ್ಲಿ ಅಂತರವಾಯಿತೆಂದು ಹುಡುಕುವ ಈ ಆತ್ಮಶೋಧನೆ ಶರಣ ಧರ್ಮದ ಮನೆಗಳಿಗೆ ಹೊಸತಾಗಬಾರದು.

ಬೋರ್ಡು ಒಂದು, ಪಾಠ ಒಂದು

ನಮ್ಮ ಮಕ್ಕಳಿಗೆ ಎದುರಾಗುವ ದೊಡ್ಡ ಅಡ್ಡಿ ಭಾಷೆ. ಕಿಟ್ಟಿನ ಕೈಪಿಡಿಗಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತವೆ. ಔರಾದ ಭಾಗದ ಮನೆಗಳಲ್ಲಿ ಕನ್ನಡದೊಡನೆ ಮರಾಠಿ, ಉರ್ದು, ತೆಲುಗುಗಳೂ ಕೇಳಿಬರುತ್ತವೆ. ಈ ಸಂದರ್ಭದಲ್ಲಿ ಭಾಲ್ಕಿ ಹಿರೇಮಠ ಸಂಸ್ಥಾನದ ಪೂಜ್ಯ ಡಾ. ಚನ್ನಬಸವ ಪಟ್ಟದ್ದೇವರನ್ನು ಸ್ಮರಿಸುವುದು ಉಚಿತವಾಗಿದೆ. 1890ರಲ್ಲಿ ಕಮಲನಗರದಲ್ಲಿ ಜನಿಸಿ 1999ರಲ್ಲಿ ಲಿಂಗೈಕ್ಯರಾದ ಪೂಜ್ಯರು, ನಿಜಾಮನ ಆಡಳಿತದಲ್ಲಿ ಕನ್ನಡ ಶಿಕ್ಷಣ ದುರ್ಲಭವಾಗಿದ್ದಾಗ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರೆಂಬುದು ಗಡಿನಾಡಿನ ಮನೆಮನೆಯ ಮಾತಾಗಿದೆ. ಮಗುವಿಗೆ ತಿಳಿಯುವ ನುಡಿಯಲ್ಲಿ ವಿದ್ಯೆ ದೊರೆಯಬೇಕೆಂಬ ಒಂದೇ ಹಂಬಲ ಅದರ ಹಿಂದಿತ್ತು.

ಅದೇ ದಾರಿಯಲ್ಲಿ ನಾವೂ ನಡೆಯಬಹುದು. ಫಲಕದ ಮೇಲಿನ ಅಕ್ಷರಗಳು ಇಂಗ್ಲಿಷಿನಲ್ಲಿದ್ದರೂ ಅದರ ವಿವರಣೆ ಕನ್ನಡದಲ್ಲಿ ನಡೆಯಲಿ. ಆಜ್ಞೆಗಳನ್ನು ಮೊದಲು ಕನ್ನಡದಲ್ಲಿ ವಹಿಯಲ್ಲಿ ಬರೆದು, ಬಳಿಕ ಗಣಕದ ನುಡಿಗೆ ತಿರುಗಿಸುವ ಅಭ್ಯಾಸ ಮಾಡಿಸಬೇಕು. ಕನ್ನಡದಲ್ಲಿ ಸ್ಪಷ್ಟವಾಗಿ ಬರೆಯಲಾಗದ ಆಜ್ಞೆಯು ಯಾವ ಭಾಷೆಯಲ್ಲಿಯೂ ಸ್ಪಷ್ಟವಾಗದು. ಭಾಲ್ಕಿ ಮತ್ತು ಬೀದರಿನಲ್ಲಿ ಇಂಜಿನಿಯರಿಂಗ್ ಮಹಾವಿದ್ಯಾಲಯಗಳಿವೆ. ಅಲ್ಲಿ ಓದುವ ನಮ್ಮ ತರುಣರು ರಜೆಯಲ್ಲಿ ಊರಿಗೆ ಬಂದಾಗ ವಾರಕ್ಕೆ ಎರಡು ಗಂಟೆ ಶಾಲೆಯ ಮಕ್ಕಳೊಡನೆ ಕುಳಿತರೆ ಅದಕ್ಕಿಂತ ದೊಡ್ಡ ಜ್ಞಾನದಾಸೋಹ ಬೇರಾವುದಿದೆ?

ಹೊಲದ ಮಣ್ಣಿಗೆ ಕೇಳುವ ಪ್ರಶ್ನೆ

ಗಾಡಿ ಓಡಿಸುವುದರಲ್ಲಿಯೇ ಈ ವಿದ್ಯೆ ನಿಲ್ಲಬಾರದು. ಮಣ್ಣಿನ ತೇವವನ್ನು ಅಳೆಯುವ ಸಂವೇದಕವೊಂದು ಅಗ್ಗವಾಗಿ ದೊರೆಯುತ್ತದೆ. ಇದನ್ನು ಆರ್ಡುಯಿನೊ ಫಲಕಕ್ಕೆ ಜೋಡಿಸಿದರೆ 0ರಿಂದ 1023ರೊಳಗಿನ ಒಂದು ಸಂಖ್ಯೆಯನ್ನು ತೋರಿಸುತ್ತದೆ. ಆ ಸಂಖ್ಯೆಗೆ ತನ್ನಷ್ಟಕ್ಕೆ ಅರ್ಥವಿಲ್ಲ. ಬೀದರ್ ಸುತ್ತಲಿನ ಕೆಂಪು ಮಣ್ಣಿನಲ್ಲಿಯೂ, ಭಾಲ್ಕಿ ಔರಾದಗಳ ಎರೆಮಣ್ಣಿನಲ್ಲಿಯೂ ಒಂದೇ ಪ್ರಮಾಣದ ನೀರು ಹಾಕಿದರೂ ಒಂದೇ ಸಂಖ್ಯೆ ಬರಬೇಕೆಂದಿಲ್ಲ, ಎರೆಮಣ್ಣು ನೀರನ್ನು ಹೆಚ್ಚು ಹಿಡಿದಿಟ್ಟುಕೊಳ್ಳುತ್ತದೆ. ಆದುದರಿಂದ ಮಗು ಎರಡು ಡಬ್ಬಿಗಳಲ್ಲಿ ಎರಡು ಬಗೆಯ ಮಣ್ಣು ತುಂಬಿ, ಒಣಗಿದ್ದಾಗ ಎಷ್ಟು, ನೆನೆದಾಗ ಎಷ್ಟು ಎಂದು ದಿನವೂ ಬರೆದಿಡಬೇಕು. ಅಜ್ಜ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ‘ಹದ ಬಂದದ’ ಎಂದಾಗ ಯಂತ್ರವು ಎಷ್ಟು ತೋರಿಸುತ್ತದೆಂದು ಗುರುತಿಸಿಕೊಳ್ಳಬೇಕು. ಅಜ್ಜನ ಕೈ ಮತ್ತು ಮೊಮ್ಮಗನ ಯಂತ್ರ ಒಂದಕ್ಕೊಂದು ಸಾಕ್ಷಿಯಾಗುತ್ತವೆ. ಇಲ್ಲಿ ಯಂತ್ರಕ್ಕೆ ಗುರು ಅಜ್ಜನೇ.

ಯಂತ್ರವು ಅನ್ನ ಕಸಿಯುವುದೆಂಬ ಭಯಕ್ಕೂ ಉತ್ತರ ಇಲ್ಲಿಯೇ ಇದೆ. ಆ ಭಯ ನಿರಾಧಾರವೆಂದು ನಾನು ಹೇಳಲಾರೆ. ಕೆಲವು ಕೆಲಸಗಳನ್ನು ಯಂತ್ರಗಳು ಈಗಾಗಲೇ ತೆಗೆದುಕೊಂಡಿವೆ, ಇನ್ನೂ ತೆಗೆದುಕೊಳ್ಳುತ್ತವೆ. ಆದರೆ ಯಂತ್ರವನ್ನು ಅರಿಯದವನೇ ಅದಕ್ಕೆ ಮೊದಲು ಬಲಿಯಾಗುತ್ತಾನೆ. ಗುರುವಾದರೂ ಲಿಂಗವಾದರೂ ಕಾಯಕದಿಂದ ಮುಕ್ತಿಯಿಲ್ಲವೆಂದು ಬದುಕಿ ತೋರಿದ ನುಲಿಯ ಚಂದಯ್ಯನವರ ಪರಂಪರೆಯಲ್ಲಿ, ಯಂತ್ರವಿರುವ ಮಾತ್ರಕ್ಕೆ ಮನುಷ್ಯನ ಕಾಯಕ ಮುಗಿಯುವುದಿಲ್ಲ. ಅದರ ಹೊಣೆ ಇಮ್ಮಡಿಯಾಗುತ್ತದೆ.

ಪಾಲಕರಿಗೆ ಕೆಲವು ಸೂಚನೆಗಳು

ಮೊದಲನೆಯದಾಗಿ, ಕಿಟ್ಟು ಕೊಳ್ಳುವ ಮುನ್ನ ಕಿಟ್ಟಿಲ್ಲದ ಆಟದಿಂದ ಆರಂಭಿಸಿರಿ. ಒಂದು ಮಗು ಕಣ್ಣು ಮುಚ್ಚಿಕೊಂಡು ಯಂತ್ರವಾಗಲಿ, ಇನ್ನೊಂದು ಮಗು ‘ಮೂರು ಹೆಜ್ಜೆ ಮುಂದೆ, ಎಡಕ್ಕೆ ತಿರುಗು’ ಎಂದು ಪಡಸಾಲೆಯಿಂದ ದೇವರ ಕೋಣೆಯವರೆಗೆ ನಡೆಸಲಿ. ಎಂಟು ವರ್ಷದ ಮಗುವಿಗೂ ಇದು ಸಾಧ್ಯ. ಬಳಿಕ ಉಚಿತವಾದ ಸ್ಕ್ರ್ಯಾಚ್, ಅನಂತರ ಹತ್ತು ಹನ್ನೆರಡು ವರ್ಷದ ಸುಮಾರಿಗೆ ಕಿಟ್ಟು.

ಎರಡನೆಯದಾಗಿ, ಪ್ರತಿ ಮನೆಯೂ ಕಿಟ್ಟು ಕೊಳ್ಳಬೇಕಾಗಿಲ್ಲ. ಓಣಿಯ ಐದಾರು ಕುಟುಂಬಗಳು ಕೂಡಿ ಒಂದನ್ನು ತಂದರೆ, ಅಥವಾ ಮಠ, ಬಸವ ಕೇಂದ್ರ, ಅಕ್ಕನ ಬಳಗಗಳು ಗ್ರಂಥಾಲಯದ ಪುಸ್ತಕದಂತೆ ಒಂದನ್ನಿಟ್ಟರೆ ಹಲವು ಮಕ್ಕಳು ಕಲಿಯುತ್ತಾರೆ. ಇಬ್ಬರು ಮೂವರು ಕೂಡಿ ಕಲಿತಾಗಲೇ ಕಲಿಕೆ ಗಟ್ಟಿಯಾಗುತ್ತದೆ.

ಮೂರನೆಯದಾಗಿ, ಸುರಕ್ಷತೆ. ಮಕ್ಕಳ ಪ್ರಯೋಗಗಳು ಚಿಕ್ಕ ಬ್ಯಾಟರಿಗಳಿಂದಲೇ ನಡೆಯಲಿ. ಮನೆಯ ಗೋಡೆಯ ವಿದ್ಯುತ್ತಿಗೆ ಯಾವ ಕಾರಣಕ್ಕೂ ಕೈ ಹಾಕಕೂಡದು. ಲಿಥಿಯಂ ಬ್ಯಾಟರಿಗಳನ್ನು ಚಾರ್ಜಿಗೆ ಹಚ್ಚಿ ಮಲಗಬಾರದು. ಕಾಯಿಸುವ ಬೆಸುಗೆ ಕಡ್ಡಿಯನ್ನು ಹಿರಿಯರು ಜೊತೆಗಿದ್ದಾಗ ಮಾತ್ರ ಬಳಸಬೇಕು. ಬ್ಯಾಟರಿಯ ಧನ ಋಣಗಳನ್ನು ತಿರುವುಮುರುವು ಮಾಡದಂತೆ ಎಚ್ಚರಿಸಬೇಕು.

ನಾಲ್ಕನೆಯದಾಗಿ, ಹೆಣ್ಣುಮಕ್ಕಳನ್ನು ನೋಡುಗರನ್ನಾಗಿ ನಿಲ್ಲಿಸದಿರಿ. ಅಕ್ಕಮಹಾದೇವಿ, ಆಯ್ದಕ್ಕಿ ಲಕ್ಕಮ್ಮನವರ ಹೆಸರು ಹೇಳುವ ನಾವು ಸ್ಕ್ರೂ ತಿರುಪುಳಿಯನ್ನು ಮಗನ ಕೈಗೂ ಕಸಬರಿಗೆಯನ್ನು ಮಗಳ ಕೈಗೂ ಕೊಡುವುದು ನ್ಯಾಯವಲ್ಲ. ತಂಡದಲ್ಲಿ ಪಾಳಿ ಹಚ್ಚಿ ಎಲ್ಲರ ಕೈಗೂ ತಂತಿ ಬರುವಂತೆ ನೋಡಿಕೊಳ್ಳಬೇಕು.

ಕೊನೆಯದಾಗಿ, ನಿಮ್ಮ ಮಕ್ಕಳ ಶಾಲೆಗೆ ಹೋದಾಗ ಅಂಕಗಳ ವಿಚಾರದೊಡನೆ ಇದನ್ನೂ ಕೇಳಿರಿ: ಪ್ರಯೋಗಾಲಯವಿದೆಯೇ? ಇದ್ದರೆ ವಾರಕ್ಕೆ ಎಷ್ಟು ಸಲ ಅದರ ಬಾಗಿಲು ತೆರೆಯುತ್ತದೆ? ಶಿಕ್ಷಕರನ್ನು ಗದರಿಸುವ ದನಿಯಲ್ಲಿ ಅಲ್ಲ, ‘ನಾವೂ ಜೊತೆಗಿದ್ದೇವೆ, ಒಂದು ತಂತಿ ಸುಟ್ಟರೆ ನಾವು ಕೂಡಿ ತಂದುಕೊಡುತ್ತೇವೆ’ ಎಂಬ ಭರವಸೆಯ ದನಿಯಲ್ಲಿ ಕೇಳಿರಿ. ನನ್ನನ್ನು ಅಂದು ಯಾರಾದರೂ ಹಾಗೆ ಕೇಳಿದ್ದರೆ ಬಹುಶಃ ಆ ಬೀಗ ಎರಡು ವರ್ಷ ಮೊದಲೇ ತೆರೆಯುತ್ತಿತ್ತು.

ಕೆಟ್ಟುಹೋದ ಕಿಟ್ಟನ್ನು ಮತ್ತೆ ಕೊಳ್ಳಬಹುದು. ಗಾಜಿಗೆ ಮೂಗೊತ್ತಿ ನಿಂತ ಮಗುವಿನ ಕುತೂಹಲ ಒಮ್ಮೆ ಆರಿಹೋದರೆ ಅದನ್ನು ಯಾವ ಅಂಗಡಿಯಿಂದಲೂ ತರಲಾಗದು. ಆದುದರಿಂದ ಬೀಗದ ಕೈ ಹಿಡಿದಿರುವ ಶಿಕ್ಷಕ ಬಂಧುಗಳಲ್ಲಿ, ಪಾಲಕರಲ್ಲಿ, ಮಠಮಾನ್ಯಗಳ ಹಿರಿಯರಲ್ಲಿ ನನ್ನ ವಿನಂತಿ ಒಂದೇ. ಅಲಮಾರನ್ನು ತೆರೆಯಿರಿ, ಮಕ್ಕಳೊಡನೆ ನೆಲದ ಮೇಲೆ ಕುಳಿತುಕೊಳ್ಳಿರಿ, ಬಾರದುದನ್ನು ಬಾರದೆಂದು ಒಪ್ಪಿಕೊಂಡು ಕೂಡಿ ಕಲಿಯಿರಿ. ಕಲ್ಯಾಣದ ಶರಣರು ನಮಗೆ ತೋರಿದ ದಾರಿಯೂ ಇದೇ ಆಗಿದೆ.